ವಿಕಿಪೀಡಿಯದಲ್ಲಿ ಬರೆಯುವಾಗ ತಡೆ ಎದುರಾದರೆ: ತಾತ್ಕಾಲಿಕ ಮಿತಿಗಳ ಸಮಗ್ರ ಮಾರ್ಗದರ್ಶಿ

ಗಂಟೆಗಟ್ಟಲೆ ಕೂತು ಬರೆದದ್ದನ್ನು ಪ್ರಕಟಿಸಲು ಹೋದಾಗ "ಮಿತಿ ಮೀರಿದ್ದೀರಿ, ಕೆಲವು ನಿಮಿಷ ಬಿಟ್ಟು ಪ್ರಯತ್ನಿಸಿ" ಎಂಬ ಅರ್ಥದ ಸಂದೇಶ ಬಂದರೆ ಹೊಸಬರಿಗೆ ಗಾಬರಿಯಾಗುತ್ತದೆ. ಕೆಲವರು ಅದೇ ಬಟನ್ನನ್ನು ಮತ್ತೆ ಮತ್ತೆ ಒತ್ತುತ್ತಾರೆ. ಕೆಲವರು ಇನ್ನೊಂದು ಖಾತೆ ತೆರೆಯಲು ಹೋಗುತ್ತಾರೆ. ಅದು ಎಲ್ಲಕ್ಕಿಂತ ಕೆಟ್ಟ ದಾರಿ. ಇನ್ನು ಕೆಲವರು ಯಾರೋ ಬೇಕೆಂದೇ ತಮ್ಮನ್ನು ತಡೆದಿದ್ದಾರೆಂದು ತಿಳಿದು ಬರೆಯುವುದನ್ನೇ ಬಿಡುತ್ತಾರೆ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಇಷ್ಟು ವರ್ಷವಾದರೂ ಅದನ್ನು ನಡೆಸುತ್ತಿರುವ ಸಕ್ರಿಯ ಸಂಪಾದಕರ ಬಳಗ ಚಿಕ್ಕದು. ಅಂಥ ಕಡೆ ಒಬ್ಬ ಹೊಸ ಬರಹಗಾರ ತಪ್ಪು ತಿಳಿವಳಿಕೆಯಿಂದ ಹಿಂದೆ ಸರಿದರೂ ಅದು ದೊಡ್ಡ ನಷ್ಟ.

ಈ ತಡೆಗಳು ಒಂದೇ ಬಗೆಯವಲ್ಲ. ಕೆಲವು ಒಂದು ನಿಮಿಷದಲ್ಲಿ ತಾವಾಗಿಯೇ ಸಡಿಲುತ್ತವೆ, ಕೆಲವು ತಿಂಗಳು ಕಾದರೂ ಕದಲುವುದಿಲ್ಲ. ಹೆಚ್ಚಿನವು ಬರೆಯುವ ವ್ಯಕ್ತಿಯನ್ನು ನೋಡುವುದೂ ಇಲ್ಲ, ಅವರು ಬಳಸುವ ನೆಟ್‌ವರ್ಕನ್ನು ಅಥವಾ ಅವರು ಹಾಕಿದ ಲಿಂಕನ್ನು ಮಾತ್ರ ನೋಡುತ್ತವೆ. ಆದ್ದರಿಂದ ಮೊದಲ ಕೆಲಸ, ಎದುರಿಗಿರುವುದು ಯಾವ ತಡೆ ಎಂದು ಪತ್ತೆಹಚ್ಚುವುದು.

ಹಂತ 1: ಬರೆದದ್ದನ್ನು ಉಳಿಸಿಕೊಳ್ಳಿ, ಸಂದೇಶವನ್ನು ಪೂರ್ತಿ ಓದಿ

ಪುಟವನ್ನು ರಿಫ್ರೆಶ್ ಮಾಡಬೇಡಿ, ಬ್ರೌಸರಿನ ಹಿಂದಿನ ಪುಟಕ್ಕೂ ಹೋಗಬೇಡಿ. ಸಂಪಾದನಾ ಪೆಟ್ಟಿಗೆಯಲ್ಲಿರುವ ಪಠ್ಯವನ್ನೆಲ್ಲ ಆಯ್ದು ನಕಲು ಮಾಡಿ, ನೋಟ್‌ಪ್ಯಾಡಿನಲ್ಲೋ ಮೊಬೈಲಿನ ಟಿಪ್ಪಣಿ ಆ್ಯಪಿನಲ್ಲೋ ಅಂಟಿಸಿಕೊಳ್ಳಿ. ಆಮೇಲೆ ಸಂದೇಶವನ್ನು ಸ್ಕ್ರೀನ್‌ಶಾಟ್ ತೆಗೆದಿಡಿ. ಯಾರಲ್ಲಿ ಸಹಾಯ ಕೇಳಿದರೂ ಅವರು ಮೊದಲು ಕೇಳುವುದು ಅದನ್ನೇ. ನಿರ್ಬಂಧದ ಸಂದೇಶವಾದರೆ ಅದರಲ್ಲಿ ನಿರ್ಬಂಧದ ಕ್ರಮಸಂಖ್ಯೆ, ಹಾಕಿದವರ ಹೆಸರು, ಕಾರಣ, ಮುಗಿಯುವ ದಿನ ಇವೆಲ್ಲ ಇರುತ್ತವೆ. "ನನಗೆ ಎಡಿಟ್ ಮಾಡೋಕೆ ಆಗ್ತಿಲ್ಲ" ಎಂದಷ್ಟೇ ಹೇಳಿದರೆ ಎಷ್ಟೇ ಅನುಭವಿಯಾದ ನಿರ್ವಾಹಕರೂ (ನಿರ್ಬಂಧ ಹಾಕುವ, ತೆಗೆಯುವ ಹಕ್ಕಿರುವ ಸಂಪಾದಕರು) ಏನೂ ಮಾಡಲಾರರು.

ಹಂತ 2: ಯಾವ ತಡೆ ಎಂದು ಗುರುತಿಸಿ

"ಕಡಿಮೆ ಸಮಯದಲ್ಲಿ ಹೆಚ್ಚು ಸಲ" ಎಂಬ ಮಾತಿದ್ದರೆ ಅದು ವೇಗದ ಮಿತಿ. ನಿಮ್ಮ ಐಪಿ ವಿಳಾಸ (ಅಂತರ್ಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಅಥವಾ ವಿಳಾಸಗಳ ಶ್ರೇಣಿಯ ಉಲ್ಲೇಖವಿದ್ದರೆ ತಡೆ ಬಿದ್ದಿರುವುದು ನೆಟ್‌ವರ್ಕಿಗೆ. ನಿಮ್ಮ ಸದಸ್ಯನಾಮವೇ ಇದ್ದು, ನಿರ್ವಾಹಕರೊಬ್ಬರು ಕಾರಣ ಬರೆದಿದ್ದರೆ ಅದು ನಿಮ್ಮ ಖಾತೆಯ ಮೇಲಿನ ನಿರ್ಬಂಧ. ನಿರ್ದಿಷ್ಟ ಜಾಲತಾಣದ ವಿಳಾಸವನ್ನು ತೋರಿಸಿ "ಇದು ಕಪ್ಪುಪಟ್ಟಿಯಲ್ಲಿದೆ" ಎಂದರೆ ಲಿಂಕಿನ ತೊಂದರೆ. "ಈ ಬದಲಾವಣೆ ಹಾನಿಕರವೆಂದು ಸ್ವಯಂಚಾಲಿತವಾಗಿ ಗುರುತಿಸಲಾಗಿದೆ" ಎಂಬರ್ಥದ ಮಾತು ಬಂದರೆ ಅದು ದುರ್ಬಳಕೆ ತಡೆಯುವ ಸೋಸುಕದ (ಫಿಲ್ಟರ್) ಕೆಲಸ. ಸಂಪಾದಿಸುವ ಕೊಂಡಿಯೇ ಇಲ್ಲದೆ ಮೂಲವನ್ನು ನೋಡುವ ಕೊಂಡಿ ಮಾತ್ರ ಇದ್ದರೆ ಆ ಪುಟವೊಂದಕ್ಕೆ ರಕ್ಷಣೆ ಹಾಕಲಾಗಿದೆ. ಉಳಿದ ಪುಟಗಳಲ್ಲಿ ನೀವು ಎಂದಿನಂತೆ ಬರೆಯಬಹುದು.

ಹಂತ 3: ವೇಗದ ಮಿತಿ ಬಂದರೆ ಒಂದು ನಿಮಿಷ ಕಾಯಿರಿ

ಹೊಸ ಖಾತೆಗಳಿಗೆ ಮತ್ತು ಲಾಗಿನ್ ಆಗದೆ ಬರೆಯುವವರಿಗೆ 60 ಸೆಕೆಂಡಿನಲ್ಲಿ 8 ಸಂಪಾದನೆಗಳ ಮಿತಿಯಿದೆ. ಖಾತೆ ಹಳತಾದ ಮೇಲೆ ಅದು ನಿಮಿಷಕ್ಕೆ 90ಕ್ಕೆ ಏರುತ್ತದೆ. ಕೈಯಲ್ಲಿ ಬರೆಯುವವರು 90ನ್ನು ಮುಟ್ಟುವುದೇ ಇಲ್ಲ. ಆದರೆ 8ನ್ನು ಸುಲಭವಾಗಿ ಮುಟ್ಟಬಹುದು: ಒಂದು ಕಾಗುಣಿತ ತಿದ್ದಿ ಪ್ರಕಟಿಸು, ಇನ್ನೊಂದು ಕೊಂಡಿ ಹಾಕಿ ಪ್ರಕಟಿಸು, ವರ್ಗ ಸೇರಿಸಿ ಪ್ರಕಟಿಸು ಎಂದು ಹೊರಟರೆ ಸಾಕು.

ಇದಕ್ಕೆ ಪರಿಹಾರ ಮುನ್ನೋಟದ ಬಟನ್. ತಿದ್ದುವುದನ್ನೆಲ್ಲ ತಿದ್ದಿ, ಮುನ್ನೋಟದಲ್ಲಿ ನೋಡಿ, ಒಟ್ಟಿಗೆ ಒಮ್ಮೆ ಪ್ರಕಟಿಸಿ. ಮುನ್ನೋಟವನ್ನು ಎಷ್ಟು ಸಲ ನೋಡಿದರೂ ಅದು ಸಂಪಾದನೆಯ ಲೆಕ್ಕಕ್ಕೆ ಬರುವುದಿಲ್ಲ. ಪುಟದ ಇತಿಹಾಸವೂ ಚೊಕ್ಕವಾಗಿರುತ್ತದೆ, ಪರಿಶೀಲಿಸುವವರ ಕೆಲಸವೂ ಹಗುರಾಗುತ್ತದೆ. ಉದ್ದದ ಲೇಖನವನ್ನು ಮೊದಲು ನಿಮ್ಮ ಪ್ರಯೋಗಪುಟದಲ್ಲಿ (ಕರಡು ಬರೆಯಲೆಂದೇ ಇರುವ ಸ್ವಂತ ಪುಟ) ಕಟ್ಟಿಕೊಳ್ಳುವುದು ಇನ್ನೂ ಒಳ್ಳೆಯದು.

ಹಂತ 4: ಮೊದಲ ನಾಲ್ಕು ದಿನಗಳನ್ನು ಲೆಕ್ಕದಲ್ಲಿಡಿ

ವಿಕಿಮೀಡಿಯದ ಯೋಜನೆಗಳಲ್ಲಿ (ವಿಕಿಪೀಡಿಯ ಮತ್ತು ಅದರ ಸೋದರ ತಾಣಗಳು) ಖಾತೆಯೊಂದು ತಾನಾಗಿಯೇ ದೃಢೀಕೃತವಾಗಲು, ಅಂದರೆ ಹೊಸಬರ ಮಿತಿಗಳಿಂದ ಹೊರಬರಲು, ಸಾಮಾನ್ಯವಾಗಿ 4 ದಿನ ಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ 4 ದಿನದ ಜತೆಗೆ 10 ಸಂಪಾದನೆಗಳೂ ಆಗಿರಬೇಕು. ಅದಕ್ಕೂ ಮೊದಲು ಅಲ್ಲಿ ನೇರವಾಗಿ ಹೊಸ ಲೇಖನ ಸೃಷ್ಟಿಸಲು ಬಿಡುವುದಿಲ್ಲ, ಕರಡಾಗಿ ಬರೆದು ಪರಿಶೀಲನೆಗೆ ಸಲ್ಲಿಸಬೇಕು. ದೃಢೀಕೃತವಾಗುವವರೆಗೆ ಹೊರಗಿನ ಲಿಂಕ್ ಸೇರಿಸಿದಾಗೆಲ್ಲ ಕ್ಯಾಪ್ಚಾ ಬರುತ್ತದೆ. ಉಲ್ಲೇಖಗಳನ್ನು ಚೆನ್ನಾಗಿ ಕೊಡುವ ಹೊಸಬರಿಗೇ ಇದರ ಕಾಟ ಹೆಚ್ಚು ಎಂಬುದು ಬೇಸರದ ಸಂಗತಿ, ಆದರೆ ಸ್ಪ್ಯಾಮ್ ಹಾಕುವವರು ಬರುವ ದಾರಿಯೂ ಅದೇ.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಖಾತೆ ಒಂದೇ ಆದರೂ ಈ ದಿನಗಳ ಎಣಿಕೆ ಪ್ರತಿ ವಿಕಿಗೆ ಬೇರೆ ಬೇರೆ. ಲಾಗಿನ್ ಆಗಿದ್ದುಕೊಂಡು ಆ ವಿಕಿಗೆ ಮೊದಲ ಸಲ ಕಾಲಿಟ್ಟ ಹೊತ್ತಿನಿಂದ ಅಲ್ಲಿನ ಎಣಿಕೆ ಶುರು. ಮುಂದೆ ತುಳು ವಿಕಿಪೀಡಿಯದಲ್ಲೋ ಇಂಗ್ಲಿಷಿನಲ್ಲೋ ಬರೆಯುವ ಯೋಚನೆಯಿದ್ದರೆ ಇವತ್ತೇ ಲಾಗಿನ್ ಆಗಿ ಆ ತಾಣವನ್ನೊಮ್ಮೆ ತೆರೆದು ಬನ್ನಿ.

ಜಾತಿ, ಸಮುದಾಯಗಳ ಕುರಿತ ಹಲವು ಇಂಗ್ಲಿಷ್ ಲೇಖನಗಳಿಗೆ ಇನ್ನೂ ಎತ್ತರದ ರಕ್ಷಣೆಯಿದೆ: 30 ದಿನ ಹಳೆಯ ಖಾತೆ, 500 ಸಂಪಾದನೆ. ಅಲ್ಲಿ ಏನಾದರೂ ತಿದ್ದಬೇಕಿದ್ದರೆ ಆ ಪುಟದ ಚರ್ಚೆ ಪುಟದಲ್ಲಿ, ಯಾವ ವಾಕ್ಯ ಹೇಗಿರಬೇಕು ಮತ್ತು ಆಧಾರ ಯಾವುದು ಎಂದು ಸ್ಪಷ್ಟವಾಗಿ ಬರೆದು ವಿನಂತಿಸಿ. 500ರ ಲೆಕ್ಕ ತುಂಬಿಸಲೆಂದು ಸುಮ್ಮನೆ ಅಲ್ಪವಿರಾಮ ಹಾಕುತ್ತ ಹೋದರೆ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ, ಸಿಕ್ಕ ಹಕ್ಕನ್ನೂ ಹಿಂಪಡೆಯುತ್ತಾರೆ.

ಹಂತ 5: ಕಾಲೇಜಿನಲ್ಲಿ ಸಂಪಾದನೋತ್ಸವ (ಹಲವರು ಒಟ್ಟಿಗೆ ಕೂತು ಬರೆಯುವ ಕಾರ್ಯಾಗಾರ) ನಡೆಸುವುದಾದರೆ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಗಮನ ಬೇಕಾದ ಭಾಗ ಇದು. ಮಂಗಳೂರು, ಉಜಿರೆ, ಬೆಂಗಳೂರು ಹೀಗೆ ನಮ್ಮ ಎಷ್ಟೋ ಕಾಲೇಜುಗಳಲ್ಲಿ ವಿಕಿಪೀಡಿಯ ಕಾರ್ಯಾಗಾರಗಳು ನಡೆದಿವೆ. ಬೆಳಗಿನ ಮೊದಲ ಅರ್ಧ ಗಂಟೆಯಲ್ಲೇ ಕಾರ್ಯಾಗಾರ ಹಳಿ ತಪ್ಪುವುದು ಒಂದೇ ಕಾರಣಕ್ಕೆ: ಒಂದು ಐಪಿ ವಿಳಾಸದಿಂದ 24 ಗಂಟೆಯಲ್ಲಿ 6 ಖಾತೆಗಳನ್ನು ಮಾತ್ರ ತೆರೆಯಬಹುದು. ಲ್ಯಾಬಿನಲ್ಲಿ 40 ಕಂಪ್ಯೂಟರ್ ಇದ್ದರೂ ಹೊರಜಗತ್ತಿಗೆ ಅವೆಲ್ಲ ಒಂದೇ ವಿಳಾಸದವು. ಏಳನೆಯ ವಿದ್ಯಾರ್ಥಿಯಿಂದ ಮುಂದೆ ಎಲ್ಲರಿಗೂ ತಡೆ.

ತಪ್ಪಿಸುವ ದಾರಿಗಳನ್ನು ಸುಲಭದ್ದರಿಂದ ಶುರು ಮಾಡಿ ಹೇಳುವುದಾದರೆ:

ಮೊದಲನೆಯದು, ಖಾತೆಗಳನ್ನು ಕಾರ್ಯಾಗಾರದ ದಿನ ತೆರೆಸಲೇಬೇಡಿ. ಒಂದು ವಾರ ಮೊದಲೇ ಮನೆಯಿಂದ, ಅವರವರ ಮೊಬೈಲಿನಿಂದ ತೆರೆದುಕೊಂಡು ಬರಲು ಹೇಳಿ. ಇದರಿಂದ ನಾಲ್ಕು ದಿನದ ಅವಧಿಯೂ ಮುಗಿದಿರುತ್ತದೆ. ಸೂಚನೆಯಲ್ಲಿ ಮೂರು ಮಾತು ತಪ್ಪದೆ ಸೇರಿಸಿ: ಇಮೇಲ್ ಕೊಟ್ಟು ದೃಢಪಡಿಸಿಕೊಳ್ಳಿ; ಸದಸ್ಯನಾಮದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಲಿಪಿ ಬೆರೆಸಬೇಡಿ (ವ್ಯವಸ್ಥೆ ಒಪ್ಪುವುದಿಲ್ಲ); ಕಾಲೇಜಿನ ಅಥವಾ ವಿಭಾಗದ ಹೆಸರನ್ನೇ ಸದಸ್ಯನಾಮ ಮಾಡಬೇಡಿ, ಒಂದು ಖಾತೆ ಒಬ್ಬರದೇ ಆಗಿರಬೇಕು.

ಎರಡನೆಯದು, ನಿರ್ವಾಹಕರೊಬ್ಬರನ್ನು ಜತೆಗಿಟ್ಟುಕೊಳ್ಳಿ. ನಿರ್ವಾಹಕರಿಗೂ ಖಾತೆ ಸೃಷ್ಟಿಸುವ ವಿಶೇಷ ಹಕ್ಕಿರುವವರಿಗೂ ಈ 6ರ ಮಿತಿ ಇಲ್ಲ. ಅವರು ತಮ್ಮ ಖಾತೆಯಲ್ಲಿದ್ದುಕೊಂಡೇ ವಿದ್ಯಾರ್ಥಿಯ ಹೆಸರಿನಲ್ಲಿ ಖಾತೆ ತೆರೆದು, ತಾತ್ಕಾಲಿಕ ಗುಪ್ತಪದವನ್ನು ಇಮೇಲಿಗೆ ಕಳಿಸುವ ಆಯ್ಕೆಯನ್ನು ಗುರುತು ಮಾಡಬಹುದು. ವಿದ್ಯಾರ್ಥಿಗೆ ಆ ಇಮೇಲ್ ಅಲ್ಲೇ ತೆರೆಯಲು ಬರಬೇಕು, ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಮೂರನೆಯದು, ಮಿತಿಯನ್ನೇ ಆ ದಿನದ ಮಟ್ಟಿಗೆ ಏರಿಸಲು ಕೇಳುವುದು. ವಿಕಿಮೀಡಿಯದ ತಾಂತ್ರಿಕ ಕೋರಿಕೆಗಳ ತಾಣವಾದ ಫ್ಯಾಬ್ರಿಕೇಟರಿನಲ್ಲಿ ಒಂದು ಕೋರಿಕೆ ಹಾಕಬೇಕು. ಯಾವ ಐಪಿ, ಯಾವ ವಿಕಿ, ಎಷ್ಟು ಜನ, ಎಷ್ಟರಿಂದ ಎಷ್ಟು ಗಂಟೆ, ಕಾರ್ಯಕ್ರಮದ ಪುಟ ಎಲ್ಲಿದೆ ಎಂಬುದೆಲ್ಲ ಅದರಲ್ಲಿರಬೇಕು. ಸಮಯವನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದಲ್ಲಿ ಬರೆಯಿರಿ: ನಮ್ಮ ಬೆಳಗಿನ 10 ಗಂಟೆ ಎಂದರೆ 04:30, ಸಂಜೆ 5 ಎಂದರೆ 11:30. ಕನಿಷ್ಠ ಒಂದು ವಾರ ಮೊದಲು ಕೇಳಿ, ಎರಡು ವಾರವಾದರೆ ನೆಮ್ಮದಿ. ಇಂಥ ಬದಲಾವಣೆಗಳನ್ನು ಸಾಮಾನ್ಯವಾಗಿ ಸೋಮವಾರದಿಂದ ಗುರುವಾರದ ಒಳಗೆ ಜಾರಿ ಮಾಡುತ್ತಾರೆ. ನಮ್ಮ ಕಾರ್ಯಾಗಾರಗಳೋ ಹೆಚ್ಚಾಗಿ ಶನಿವಾರ, ಭಾನುವಾರ. ಶುಕ್ರವಾರ ಸಂಜೆ ನೆನಪಾದರೆ ಏನೂ ಆಗದು.

ಈ ಕೋರಿಕೆಯಲ್ಲಿ ಪದೇ ಪದೇ ಆಗುವ ತಪ್ಪು ಐಪಿ ವಿಳಾಸದ್ದು. ಲ್ಯಾಬಿನ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆದರೆ 192.168 ಎಂದೋ 10 ಎಂದೋ ಶುರುವಾಗುವ ವಿಳಾಸ ಕಾಣುತ್ತದೆ. ಅದು ಕಾಲೇಜಿನ ಒಳಗಿನ ವಿಳಾಸ. ಅದನ್ನು ಕೊಟ್ಟರೆ ಯಾವ ಪ್ರಯೋಜನವೂ ಇಲ್ಲ. ಅದೇ ಲ್ಯಾಬಿನ ಬ್ರೌಸರಿನಲ್ಲಿ "ನನ್ನ ಐಪಿ ವಿಳಾಸ ಏನು" ಎಂದು ಇಂಗ್ಲಿಷಿನಲ್ಲಿ ಹುಡುಕಿದಾಗ ಸಿಗುವ ಹೊರವಿಳಾಸ ಬೇಕು. ಲ್ಯಾಬಿಗೊಂದು, ವೈಫೈಗೊಂದು ಎಂದು ಎರಡು ಸಂಪರ್ಕಗಳಿರುವ ಕಾಲೇಜುಗಳೂ ಇವೆ, ಎರಡನ್ನೂ ನೋಡಿ. ವಿಳಾಸ ದಿನದಿನಕ್ಕೆ ಬದಲಾಗುತ್ತದೆಯೇ, ಸ್ಥಿರವೇ ಎಂದು ಕಾಲೇಜಿನ ಸಿಸ್ಟಂ ಅಡ್ಮಿನ್ ಅವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಬದಲಾಗುವ ವಿಳಾಸವಾದರೆ ಮೊದಲೆರಡು ದಾರಿಗಳೇ ಗತಿ.

ಖಾತೆ ತೆರೆದದ್ದಾಯಿತು ಎಂದು ನಿಶ್ಚಿಂತರಾಗುವಂತಿಲ್ಲ. ಹೊಸ ಖಾತೆಗಳ ವಿಷಯದಲ್ಲಿ ನಿಮಿಷಕ್ಕೆ 8 ಎಂಬ ವೇಗದ ಮಿತಿ ಖಾತೆಗೂ ಉಂಟು, ಅವರೆಲ್ಲ ಹಂಚಿಕೊಂಡಿರುವ ಐಪಿಗೂ ಉಂಟು. "ಈಗ ಎಲ್ಲರೂ ಪ್ರಕಟಿಸಿ" ಎಂದು ಮುಂದೆ ನಿಂತವರು ಹೇಳಿದರೆ 30 ಜನ ಒಟ್ಟಿಗೆ ಒತ್ತುತ್ತಾರೆ, ಕೆಲವರದು ಹೋಗುತ್ತದೆ, ಉಳಿದವರಿಗೆ ತಡೆ ಬೀಳುತ್ತದೆ. ತಾವೇನೋ ತಪ್ಪು ಮಾಡಿದೆವೆಂದು ಆ ಮಕ್ಕಳು ಸಪ್ಪಗಾಗುತ್ತಾರೆ. ಸಾಲು ಸಾಲಾಗಿ ಪ್ರಕಟಿಸಲು ಹೇಳಿ: ಮೊದಲ ಸಾಲು ಈಗ, ಎರಡನೆಯದು ಒಂದು ನಿಮಿಷದ ಮೇಲೆ. ಖಾತೆಗಳು ನಾಲ್ಕು ದಿನ ಹಳೆಯವಾಗಿದ್ದರೆ ಈ ತೊಂದರೆಯೇ ಇಲ್ಲ. ಮೊದಲ ದಾರಿಯನ್ನು ಒತ್ತಿ ಹೇಳುವುದು ಅದಕ್ಕೇ.

ಲಾಗಿನ್ನಿನಲ್ಲೂ ಮಿತಿಯಿದೆ. 5 ನಿಮಿಷದಲ್ಲಿ 5 ಸಲ ಗುಪ್ತಪದ ತಪ್ಪಾದರೆ ಕಾಯಬೇಕಾಗುತ್ತದೆ. ಕೀಲಿಮಣೆ ಕನ್ನಡದಲ್ಲಿದ್ದಾಗ ಗುಪ್ತಪದ ಹೊಡೆಯುವುದು ಇದಕ್ಕೆ ದೊಡ್ಡ ಕಾರಣ, ಚುಕ್ಕೆಗಳು ಮಾತ್ರ ಕಾಣುವುದರಿಂದ ಗೊತ್ತೇ ಆಗುವುದಿಲ್ಲ. ಗುಪ್ತಪದ ಬದಲಿಸುವ ಇಮೇಲನ್ನು ಒಮ್ಮೆ ಕೇಳಿದರೆ ಸಾಮಾನ್ಯವಾಗಿ 24 ಗಂಟೆಯವರೆಗೆ ಇನ್ನೊಂದು ಬರುವುದಿಲ್ಲ, ಆದ್ದರಿಂದ ಮೊದಲು ಬಂದ ಇಮೇಲನ್ನು ಸ್ಪ್ಯಾಮ್ ಪೆಟ್ಟಿಗೆಯಲ್ಲೂ ಹುಡುಕಿ. ಹೊಸ ಕಂಪ್ಯೂಟರಿನಿಂದ ಲಾಗಿನ್ ಆಗುವಾಗ ಇಮೇಲಿಗೆ ಬಂದ ಸಂಖ್ಯೆಯನ್ನು ಕೇಳುವುದೂ ಉಂಟು.

ಹಂತ 6: ನೆಟ್‌ವರ್ಕಿಗೆ ತಡೆ ಬಿದ್ದಿದ್ದರೆ

ಭಾರತದ ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರಿಗೆ ಕೆಲವೇ ಹೊರವಿಳಾಸಗಳನ್ನು ಹಂಚುತ್ತವೆ. ದೊಡ್ಡ ವಠಾರಕ್ಕೆಲ್ಲ ಒಂದೇ ಬೀದಿಬಾಗಿಲು ಇದ್ದ ಹಾಗೆ: ಒಳಗಿನ ಒಬ್ಬ ಹಾವಳಿ ಮಾಡಿದರೆ ಬಾಗಿಲು ಹಾಕುತ್ತಾರೆ, ಉಳಿದವರೂ ಒಳಗೇ ಸಿಕ್ಕಿಬೀಳುತ್ತಾರೆ. ನೀವು ಏನೂ ಮಾಡದೆಯೇ "ನಿಮ್ಮ ಐಪಿ ಶ್ರೇಣಿಯನ್ನು ನಿರ್ಬಂಧಿಸಲಾಗಿದೆ" ಎಂದು ಬರುವುದು ಹೀಗೆ.

ಈ ಕ್ರಮದಲ್ಲಿ ನೋಡಿ. ವಿಪಿಎನ್ (ನಿಮ್ಮ ಸಂಪರ್ಕವನ್ನು ಬೇರೆ ಸರ್ವರಿನ ಮೂಲಕ ಹಾಯಿಸುವ ಸೇವೆ) ಇದ್ದರೆ ಮೊದಲು ಅದನ್ನು ಆಫ್ ಮಾಡಿ. ವಿಪಿಎನ್ ಮತ್ತು ಮುಕ್ತ ಪ್ರಾಕ್ಸಿಗಳ (ಯಾರು ಬೇಕಾದರೂ ಬಳಸಬಹುದಾದ ಮಧ್ಯವರ್ತಿ ಸರ್ವರುಗಳ) ವಿಳಾಸಗಳನ್ನು ಸಾಮಾನ್ಯವಾಗಿ ಎಲ್ಲ ವಿಕಿಗಳಲ್ಲೂ ಒಟ್ಟಿಗೆ ತಡೆಯಲಾಗಿರುತ್ತದೆ. ಐಫೋನಿನವರು ಐಕ್ಲೌಡ್ ಸೆಟ್ಟಿಂಗ್ಸ್ ಒಳಗಿನ ಪ್ರೈವೇಟ್ ರಿಲೇಯನ್ನು ಆಫ್ ಮಾಡಬೇಕು. ಅದು ತಾನಿರುವುದನ್ನೇ ತೋರಿಸಿಕೊಳ್ಳದ ಕಾರಣ ಎಷ್ಟೋ ಜನ ತಮ್ಮಲ್ಲಿ ವಿಪಿಎನ್ ಇಲ್ಲವೆಂದೇ ವಾದಿಸುತ್ತಾರೆ. ಒಪೆರಾ ಮಿನಿಯಂಥ, ಪುಟಗಳನ್ನು ತನ್ನ ಸರ್ವರಿನ ಮೂಲಕ ಹಾಯಿಸುವ ಬ್ರೌಸರು ಬಳಸುತ್ತಿದ್ದರೆ ಬೇರೆ ಬ್ರೌಸರಿನಲ್ಲಿ ನೋಡಿ.

ಅದಾದ ಮೇಲೆ ಲಾಗಿನ್ ಆಗಿದ್ದೀರೋ ಇಲ್ಲವೋ ನೋಡಿಕೊಳ್ಳಿ. ಅನೇಕ ಐಪಿ ನಿರ್ಬಂಧಗಳು ಲಾಗಿನ್ ಆಗದವರಿಗೆ ಮಾತ್ರ, ಖಾತೆಯಿದ್ದವರಿಗೆ ತಗಲುವುದಿಲ್ಲ. ಲಾಗಿನ್ ಆಗದೆ ಬರೆದರೆ ಈಗ ವಿಕಿಪೀಡಿಯವು ಐಪಿ ತೋರಿಸದೆ ಒಂದು ತಾತ್ಕಾಲಿಕ ಖಾತೆಯನ್ನು ಕೊಡುತ್ತದೆ. ಅದರ ಆಯುಷ್ಯ 90 ದಿನ. ಬ್ರೌಸರಿನ ಕುಕಿ (ಆ ಖಾತೆಯ ಗುರುತನ್ನು ಇಟ್ಟುಕೊಳ್ಳುವ ಚಿಕ್ಕ ಕಡತ) ಅಳಿಸಿದರೆ ಅಲ್ಲಿಗೆ ಮುಗಿಯಿತು. ನಿಯಮಿತವಾಗಿ ಬರೆಯುವವರಿಗೆ ಅದು ನೆಚ್ಚಿಕೊಳ್ಳುವಂಥದ್ದಲ್ಲ.

ಖಾತೆಯಲ್ಲಿದ್ದರೂ ತಡೆ ಇದ್ದರೆ ಮೊಬೈಲ್ ಡೇಟಾದಿಂದ ಮನೆಯ ಬ್ರಾಡ್‌ಬ್ಯಾಂಡಿಗೆ ಅಥವಾ ಅಲ್ಲಿಂದ ಇಲ್ಲಿಗೆ ಬದಲಿಸಿ. ನೆಟ್‌ವರ್ಕಿನ ತಡೆಗಳಲ್ಲಿ ಒಂದು ಬಗೆಯದು ಮಾತ್ರ ಸ್ವಲ್ಪ ಕಾದರೆ ಹೋಗುತ್ತದೆ: ನಿರ್ಬಂಧಿತ ಸದಸ್ಯರೊಬ್ಬರು ಬಳಸಿದ ಐಪಿಗೆ ತಾನಾಗಿಯೇ ಬೀಳುವ ತಡೆ. ಅದರ ಅವಧಿ 24 ಗಂಟೆ. ಕಾಲೇಜು ಲ್ಯಾಬು, ಗ್ರಂಥಾಲಯ, ಹಾಸ್ಟೆಲುಗಳಲ್ಲಿ ಇದು ಸಾಮಾನ್ಯ.

ಶ್ರೇಣಿಗೆ ಬಿದ್ದ ತಡೆಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅವಧಿ ಇರುತ್ತದೆ. ಅದಕ್ಕೆ ಐಪಿ ನಿರ್ಬಂಧದಿಂದ ವಿನಾಯಿತಿ ಎಂಬ ಹಕ್ಕನ್ನು ಕೇಳಬೇಕು. ಕನ್ನಡ ವಿಕಿಪೀಡಿಯದ ತಡೆಯಾದರೆ ಸ್ಥಳೀಯ ನಿರ್ವಾಹಕರನ್ನು, ಜಾಗತಿಕ ತಡೆಯಾದರೆ ಮೆಟಾ ವಿಕಿಯಲ್ಲಿ (ಎಲ್ಲ ವಿಕಿಗಳ ಸಮನ್ವಯದ ತಾಣ) ಸ್ಟೀವರ್ಡ್‌ಗಳನ್ನು (ಎಲ್ಲ ವಿಕಿಗಳಲ್ಲೂ ಅಧಿಕಾರವಿರುವವರು). ಸದಸ್ಯನಾಮ, ಸಂದೇಶದ ಸ್ಕ್ರೀನ್‌ಶಾಟ್, ಯಾವ ಕಂಪನಿಯ ಸಂಪರ್ಕ, ಏನು ಬರೆಯುತ್ತಿದ್ದೀರಿ ಇಷ್ಟು ತಿಳಿಸಿದರೆ ಸಾಕು. ನಿಮ್ಮ ಐಪಿಯನ್ನು ಎಲ್ಲರೂ ಓದುವ ಪುಟದಲ್ಲಿ ಹಾಕಬೇಡಿ, ಅದನ್ನು ಇಮೇಲಿನಲ್ಲಿ ಕಳಿಸಿ.

ಹಂತ 7: ಲಿಂಕ್ ಮತ್ತು ಸೋಸುಕದ ತಡೆ

ಕಪ್ಪುಪಟ್ಟಿಯ ತಡೆಗೆ ಕಾಯುವುದರಿಂದ ಏನೂ ಸಿಗದು, ಲಿಂಕನ್ನೇ ಬದಲಿಸಬೇಕು. ಕುಗ್ಗಿಸಿದ ಲಿಂಕುಗಳು ಬಹುತೇಕ ಎಲ್ಲವೂ ಪಟ್ಟಿಯಲ್ಲಿವೆ. ಯೂಟ್ಯೂಬಿನ ಹಂಚುವ ಬಟನ್ ಕೊಡುವ ಮೋಟು ವಿಳಾಸವೂ ಅದರಲ್ಲಿದೆ. ಬ್ರೌಸರಿನ ಮೇಲಿನ ಪಟ್ಟಿಯಲ್ಲಿರುವ ಪೂರ್ಣ ವಿಳಾಸವನ್ನು ನಕಲು ಮಾಡಿದರೆ ಆ ತಡೆ ಇರುವುದಿಲ್ಲ. ವಾಟ್ಸ್‌ಆ್ಯಪಿನಲ್ಲಿ ಬಂದ ಸುದ್ದಿಯ ಲಿಂಕನ್ನೂ ಹೀಗೇ ತೆರೆದು, ಮೂಲ ಪತ್ರಿಕೆಯ ವಿಳಾಸವನ್ನು ತೆಗೆದುಕೊಳ್ಳಿ.

ಸೋಸುಕ ಮೊದಲು ಎಚ್ಚರಿಕೆ ಕೊಡಬಹುದು ಅಥವಾ ನೇರವಾಗಿ ತಡೆಯಬಹುದು. ಬರೀ ಎಚ್ಚರಿಕೆಯಾದರೆ ಮತ್ತೊಮ್ಮೆ ನೋಡಿ ಪ್ರಕಟಿಸಬಹುದು. ತಡೆಯಾದರೆ ಅದನ್ನೇ ಪದೇ ಪದೇ ಒತ್ತಬೇಡಿ: ಪ್ರತಿ ಪ್ರಯತ್ನವೂ ದಾಖಲಾಗುತ್ತದೆ, ನಿರ್ವಾಹಕರು ಆ ದಾಖಲೆಯನ್ನು ನೋಡುತ್ತಾರೆ. ದೊಡ್ಡ ಭಾಗವನ್ನು ಒಮ್ಮೆಲೇ ಅಳಿಸುವುದು, ಒಂದೇ ಅಕ್ಷರದ ಸಾಲು, ಪುಟ ಪೂರ್ತಿ ಬರಿದು ಮಾಡುವುದು ಇವು ಸಾಮಾನ್ಯ ಕಾರಣಗಳು. ಅಳಿಸುವ ಕಾರಣ ನ್ಯಾಯವಾದದ್ದೇ ಆಗಿದ್ದರೆ ಚರ್ಚೆ ಪುಟದಲ್ಲಿ ಬರೆಯಿರಿ, ಅಥವಾ ಅರಳಿ ಕಟ್ಟೆಯಲ್ಲಿ (ಕನ್ನಡ ವಿಕಿಪೀಡಿಯದ ಸಮುದಾಯ ಚರ್ಚೆಯ ಪುಟ) ಸಹಾಯ ಕೇಳಿ.

ಹಂತ 8: ರದ್ದತಿಯ ಜಗಳಕ್ಕೆ ಇಳಿಯಬೇಡಿ

ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ಬದಲಾವಣೆಯನ್ನು ರದ್ದು ಮಾಡಿದರೆ ಸಾಮಾನ್ಯವಾಗಿ ಖಾತೆಗೆ ನಿರ್ಬಂಧ ಬೀಳುತ್ತದೆ. ಬೇರೆ ಬೇರೆ ಸಾಲುಗಳಾದರೂ ಪುಟ ಒಂದೇ ಆದರೆ ಎಲ್ಲ ಸೇರಿ ಲೆಕ್ಕ. 25ನೆಯ ಗಂಟೆಗೆ ನಾಲ್ಕನೆಯದನ್ನು ಮಾಡಿದರೂ ಅದನ್ನು ಜಾಣತನವೆಂದು ಯಾರೂ ಒಪ್ಪುವುದಿಲ್ಲ. ಎರಡನೆಯ ಸಲ ನಿಮ್ಮ ಬದಲಾವಣೆ ರದ್ದಾದಾಗಲೇ ಕೈ ತಡೆದು, ಚರ್ಚೆ ಪುಟದಲ್ಲಿ ಆಧಾರ ಕೊಟ್ಟು ಬರೆಯಿರಿ. ನಾಡು-ನುಡಿ, ಗಡಿ, ರಾಜವಂಶಗಳ ಪುಟಗಳಲ್ಲಿ ಕನ್ನಡಿಗರು ಸರಿಯಾದ ವಿಷಯವನ್ನೇ ಹಿಡಿದು, ವಿಧಾನ ತಪ್ಪಿ ನಿರ್ಬಂಧಕ್ಕೆ ಒಳಗಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಹಂತ 9: ಖಾತೆಗೇ ನಿರ್ಬಂಧ ಬಿದ್ದರೆ

ಹೊಸ ಖಾತೆ ತೆರೆಯಬೇಡಿ. ಒಂದು ದಿನದ ನಿರ್ಬಂಧ ಅನಿರ್ದಿಷ್ಟ ಅವಧಿಯದಾಗುವುದು ಬಹುಮಟ್ಟಿಗೆ ಇದರಿಂದಲೇ. ನಿರ್ಬಂಧವಿದ್ದರೂ ಸಾಮಾನ್ಯವಾಗಿ ನಿಮ್ಮ ಸ್ವಂತ ಚರ್ಚೆ ಪುಟದಲ್ಲಿ ಬರೆಯಲು ಅವಕಾಶವಿರುತ್ತದೆ. ಅಲ್ಲಿ ಅನ್‌ಬ್ಲಾಕ್ ಟೆಂಪ್ಲೇಟು (ನಿರ್ಬಂಧ ತೆಗೆಯಲು ಕೋರುವ ಸಿದ್ಧ ಮಾದರಿ) ಹಾಕಿ ಮೂರು ವಿಷಯ ಬರೆಯಿರಿ: ಯಾವ ಕಾರಣಕ್ಕೆ ನಿರ್ಬಂಧಿಸಿದರೆಂದು ನಿಮಗೆ ಅರ್ಥವಾಗಿದೆ, ಮುಂದೆ ಯಾವುದನ್ನು ಮಾಡುವುದಿಲ್ಲ, ಯಾವ ಲೇಖನದಲ್ಲಿ ಏನು ಕೆಲಸ ಮಾಡಬೇಕೆಂದಿದ್ದೀರಿ. ಎದುರಿನವರ ತಪ್ಪುಗಳ ಪಟ್ಟಿ ಬೇಡ. ಕೋರಿಕೆಯನ್ನು ನೋಡುವುದು ಸಾಮಾನ್ಯವಾಗಿ ಇನ್ನೊಬ್ಬ ನಿರ್ವಾಹಕರು. ಅವರು ಹುಡುಕುವುದು, ನಿರ್ಬಂಧ ತೆಗೆದರೆ ಅದೇ ಮತ್ತೆ ಆಗದು ಎಂಬ ಭರವಸೆಯನ್ನು. ಅವಧಿ 24 ಗಂಟೆಯಷ್ಟೇ ಆಗಿದ್ದರೆ ಸುಮ್ಮನೆ ಕಾದು, ಆ ಹೊತ್ತಿನಲ್ಲಿ ಆಧಾರಗ್ರಂಥಗಳ ಪುಟಸಂಖ್ಯೆ ಗುರುತು ಮಾಡಿಕೊಳ್ಳುವುದು ಲೇಸು.

ಬಾಟ್ ಓಡಿಸುವವರಿಗೆ

ಬಾಟ್ ಎಂದರೆ ತಾನಾಗಿಯೇ ಸಂಪಾದನೆ ಮಾಡುವ ಪ್ರೋಗ್ರಾಂ. ಹೀಗೆ ಸ್ಕ್ರಿಪ್ಟಿನಿಂದ ಸಾಮೂಹಿಕ ತಿದ್ದುಪಡಿ ಮಾಡುವವರು ಬೇರೆ ಖಾತೆ ಬಳಸಿ, ಅರಳಿ ಕಟ್ಟೆಯಲ್ಲಿ ತಿಳಿಸಿ, ಬಾಟ್ ಗುರುತು ಪಡೆದೇ ಶುರು ಮಾಡಬೇಕು. ಬಾಟ್ ಓಡಿಸಲು ಬಳಸುವ ಪೈವಿಕಿಬಾಟ್ ತಂತ್ರಾಂಶ ತಾನಾಗಿಯೇ ಎರಡು ಬರವಣಿಗೆಗಳ ನಡುವೆ 10 ಸೆಕೆಂಡು ಬಿಡುತ್ತದೆ, ಅದನ್ನು ಇಳಿಸುವ ಅಗತ್ಯ ಬೀಳುವುದು ಅಪರೂಪ. ಸ್ವಂತ ಸ್ಕ್ರಿಪ್ಟಾದರೆ ಮ್ಯಾಕ್ಸ್‌ಲ್ಯಾಗ್ (ಸರ್ವರುಗಳು ಎಷ್ಟು ಸೆಕೆಂಡು ಹಿಂದೆ ಬಿದ್ದರೆ ಬಾಟ್ ಕಾಯಬೇಕು ಎಂಬ ಮಿತಿ) ಮೌಲ್ಯವನ್ನು 5 ಎಂದಿಡಿ. ಸರ್ವರುಗಳು ಹಿಂದೆ ಬಿದ್ದಾಗ ಉತ್ತರದ ಜತೆಗೆ ಎಷ್ಟು ಸೆಕೆಂಡು ಕಾಯಬೇಕೆಂಬ ಸೂಚನೆಯೂ ಬರುತ್ತದೆ; ಅಷ್ಟು ಕಾದು ಮುಂದುವರಿಯುವಂತೆ ಬರೆಯಿರಿ. ಮೊದಲು ಹತ್ತಿಪ್ಪತ್ತು ಪುಟಗಳಲ್ಲಿ ಓಡಿಸಿ, ಒಂದೊಂದನ್ನೂ ಕಣ್ಣಾರೆ ನೋಡಿ. ಒತ್ತಕ್ಷರ, ಅರ್ಕಾವೊತ್ತುಗಳಿರುವ ಕಡೆ ಹುಡುಕು-ಬದಲಿಸು ಕೆಟ್ಟರೆ ನೂರಾರು ಪುಟಗಳಲ್ಲಿ ಒಟ್ಟಿಗೆ ಕೆಡುತ್ತದೆ, ಮತ್ತು ಚಿಕ್ಕ ವಿಕಿಯ ಇತ್ತೀಚಿನ ಬದಲಾವಣೆಗಳ ಪುಟದಲ್ಲಿ ಉಳಿದವರ ಕೆಲಸವೆಲ್ಲ ಅದರಡಿ ಮುಚ್ಚಿಹೋಗುತ್ತದೆ.